ಶೆವೆಲ್‌ಗೆ 383: ಲೆಕ್ಕ ಹಿಂದಿನ ಆಕ್ಸಲ್‌ನಿಂದ ಶುರು

ಹಳೆಯ ಅಮೆರಿಕನ್ ಕಾರಿಗೆ ಜೋರು ಎಂಜಿನ್ ಕಟ್ಟಲು ಹೊರಟವರು ಮೊದಲು ಹಾರ್ಸ್‌ಪವರ್ ಎಷ್ಟೆಂದು ಕೇಳುತ್ತಾರೆ. ನನ್ನ 1970ರ ಶೆವರ್ಲೆ ಶೆವೆಲ್ ಮಲಿಬುವಿಗೆ 383 ಘನ ಇಂಚಿನ ಎಂಜಿನ್ ಕಟ್ಟುವ ಯೋಜನೆಯಲ್ಲಿ ಆ ಅಂಕಿ ಬಂದದ್ದು ಕೊನೆಗೆ. ಬಂಕಿನಲ್ಲಿ ಸಿಗುವ ಪೆಟ್ರೋಲ್ ಯಾವುದು, ಗಂಟೆಗೆ 65 ಮೈಲಿ ಓಡುವಾಗ ಎಂಜಿನ್ ಎಷ್ಟು ಸುತ್ತು ತಿರುಗಬೇಕು, ಬ್ರೇಕ್ ಬೂಸ್ಟರಿಗೆ ಎಷ್ಟು ವ್ಯಾಕ್ಯೂಮ್ ಬೇಕು ಎಂಬುದನ್ನು ಮೊದಲು ಬರೆದಿಟ್ಟುಕೊಂಡೆ. ಕ್ಯಾಮ್ (ವಾಲ್ವುಗಳನ್ನು ತೆರೆಯುವ ದಂಡ), ಪಿಸ್ಟನ್, ಗೇರ್ ಎಲ್ಲವೂ ಅದರಿಂದಲೇ ತೀರ್ಮಾನವಾದವು.

ಹಳೆಯ ಅಂಕಿಗಳನ್ನು ನಂಬಿ ಹೋಲಿಸುವುದೂ ತಪ್ಪು. ಆ ವರ್ಷದ ನಾಲ್ಕು ಬ್ಯಾರೆಲ್ ಕಾರ್ಬ್ಯುರೇಟರಿನ 350 ಘನ ಇಂಚು ಎಂಜಿನ್ನಿಗೆ ಕಂಪನಿ ಹೇಳಿದ್ದು 300 ಎಚ್‌ಪಿ. ಅದು ಗ್ರಾಸ್ ಲೆಕ್ಕ: ಏರ್ ಕ್ಲೀನರ್, ಕಾರಿನ ಸೈಲೆನ್ಸರ್, ಆಲ್ಟರ್ನೇಟರ್ ಯಾವುದರ ಹೊರೆಯೂ ಇಲ್ಲದೆ ಬರೀ ಎಂಜಿನ್ನನ್ನು ಸ್ಟ್ಯಾಂಡಿನ ಮೇಲೆ ಓಡಿಸಿ ಅಳೆದದ್ದು. 1972ರಿಂದ ನೆಟ್ ಲೆಕ್ಕ ಬಂದಾಗ ಅಂಕಿಗಳು ಇಳಿದುಬಿಟ್ಟವು.

ಮೊದಲು ಆಕ್ಸಲ್. ಟೈರಿನ ಎತ್ತರ 26 ಇಂಚು, ಗೇರ್ ಅನುಪಾತ 3.55, ಮೂರು ಗೇರಿನ ಹಳೆಯ ಟ್ರಾನ್ಸ್‌ಮಿಷನ್ ಇದ್ದರೆ 65 ಮೈಲಿಗೆ ಸುಮಾರು 2,980 ಆರ್‌ಪಿಎಂ. ಅರ್ಧ ಗಂಟೆ ಹೆದ್ದಾರಿಯಲ್ಲಿ ಹೋದರೆ ಕಿವಿ ಗುಂಯ್‌ಗುಡುತ್ತದೆ. ನಾಲ್ಕು ಗೇರಿನ ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ 700ಆರ್4 ಹಾಕಿದರೆ ನಾಲ್ಕನೇ ಗೇರು 0.70 ಆಗಿ ಅದೇ ವೇಗ 2,090ಕ್ಕೆ ಬರುತ್ತದೆ. ಈ ಟ್ರಾನ್ಸ್‌ಮಿಷನ್ನಿಗೆ ಕಾರ್ಬ್ಯುರೇಟರಿನಿಂದ ಹೋಗುವ ಟಿವಿ (ಥ್ರಾಟಲ್ ವಾಲ್ವ್) ಕೇಬಲ್ ಸರಿಯಾಗಿ ಹೊಂದಿಸದೆ ಓಡಿಸಿದರೆ ಒಳಗಿನ ಒತ್ತಡ ಕಡಿಮೆಯಾಗಿ ಕ್ಲಚ್ ಪ್ಲೇಟುಗಳು ಸುಟ್ಟುಹೋಗುತ್ತವೆ. ಹಾಗಾಗಿ ಕೇಬಲ್ ಬ್ರಾಕೆಟ್ಟನ್ನು ಕಾರ್ಬ್ಯುರೇಟರ್ ಜೊತೆಗೇ ಖರೀದಿಸಬೇಕು. ಕಾರಿನಲ್ಲಿದ್ದ 8.2 ಇಂಚಿನ 10 ಬೋಲ್ಟ್ ಆಕ್ಸಲ್ ಈ ಟಾರ್ಕಿಗೆ ಸಾಲದು. 12 ಬೋಲ್ಟಿನದಕ್ಕೆ ಹಣ ಮೊದಲೇ ತೆಗೆದಿಟ್ಟೆ. ಎಂಜಿನ್ನಿಗೆ ಎಲ್ಲವನ್ನೂ ಸುರಿದು ಆಕ್ಸಲ್ ಆಮೇಲೆ ನೋಡೋಣ ಅನ್ನುವವರ ಕಾರು ಸಿಗ್ನಲ್ಲಿನಲ್ಲೇ ನಿಲ್ಲುತ್ತದೆ.

ಬ್ಲಾಕಿನ ವಿಷಯಕ್ಕೆ ಬರೋಣ. ಕಾರಿನ ಜೊತೆ ಬಂದ ಮೂಲ ಬ್ಲಾಕನ್ನು ಮುಟ್ಟಲಿಲ್ಲ. ಬಲಗಡೆಯ ಹೆಡ್ಡಿನ ಮುಂದೆ, ಬ್ಲಾಕಿನ ಮೇಲ್ಮೈಯಲ್ಲಿ, ಕಾರಿನ ಸಂಖ್ಯೆಯ ಒಂದು ಭಾಗ ಒತ್ತಿರುತ್ತದೆ. ಡೆಕ್ (ಹೆಡ್ ಕೂರುವ ಆ ಮೇಲ್ಮೈ) ಕತ್ತರಿಸಿದರೆ ಆ ಗುರುತು ಅಳಿದುಹೋಗುತ್ತದೆ, ಕಾರಿನ ಬೆಲೆಯೂ ಅದರ ಜೊತೆ ಹೋಗುತ್ತದೆ. ಅದನ್ನು ಎಣ್ಣೆ ಸವರಿ ಸುತ್ತಿಟ್ಟು, ಎರಕದ ಸಂಖ್ಯೆ 3970010 ಇರುವ ಇನ್ನೊಂದು 350 ಬ್ಲಾಕ್ ತಂದೆ. ಬೋರ್ ಮಾಡಿಸುವ ಮೊದಲು ಬಿರುಕಿನ ಪರೀಕ್ಷೆ ಮತ್ತು ಶಬ್ದತರಂಗದಿಂದ ಗೋಡೆಯ ದಪ್ಪ ಅಳೆಯುವ ಸೋನಿಕ್ ಪರೀಕ್ಷೆ ಎರಡೂ ಆಗಬೇಕು. ಎರಕದಲ್ಲಿ ಅಚ್ಚು ಸ್ವಲ್ಪ ಸರಿದಿದ್ದರೂ ಸಿಲಿಂಡರಿನ ಒಂದು ಗೋಡೆ ದಪ್ಪ, ಎದುರಿನದು ತೆಳು. ಪಿಸ್ಟನ್ ಒತ್ತುವ ಬದಿ ತೆಳುವಾಗಿದ್ದರೆ ಆ ಬ್ಲಾಕ್ ಬೇಡ.

4.000 ಇಂಚಿನ ಬೋರನ್ನು (ಸಿಲಿಂಡರಿನ ವ್ಯಾಸ) 30 ಥೌ ಹಿಗ್ಗಿಸಿ 4.030 ಮಾಡಿ, ಮೂಲದ 3.48ರ ಬದಲು 3.75 ಇಂಚು ಸ್ಟ್ರೋಕಿನ (ಪಿಸ್ಟನ್ ಓಡುವ ದೂರ) ಕ್ರ್ಯಾಂಕ್ ಹಾಕಿದರೆ 383 ಘನ ಇಂಚು ಆಗುತ್ತದೆ. ಥೌ ಅಂದರೆ ಇಂಚಿನ ಸಾವಿರದ ಒಂದು ಪಾಲು. ರಾಡಿನ ಉದ್ದ 6.000 ಇಂಚು, ಪಿಸ್ಟನ್ ಪಿನ್ನಿನಿಂದ ತಲೆಯವರೆಗೆ 1.125. ಸ್ಟ್ರೋಕಿನ ಅರ್ಧ 1.875ನ್ನು ಸೇರಿಸಿದರೆ ಒಟ್ಟು 9.000. ಬ್ಲಾಕಿನ ಮೂಲ ಎತ್ತರ 9.025. ಅಂದರೆ 25 ಥೌ ಡೆಕ್ ತೆಗೆಸಿದರೆ ಪಿಸ್ಟನ್ ಬ್ಲಾಕಿನ ಮಟ್ಟಕ್ಕೆ ಸರಿಯಾಗಿ ನಿಲ್ಲುತ್ತದೆ. ಒತ್ತಿದ ಮೇಲೆ 41 ಥೌ ದಪ್ಪ ಉಳಿಯುವ ಗ್ಯಾಸ್ಕೆಟ್ ಹಾಕಿದರೆ ಪಿಸ್ಟನ್ನಿಗೂ ಹೆಡ್ಡಿಗೂ ನಡುವಿನ ಅಂತರವೂ ಅಷ್ಟೇ. ಈ ಇಕ್ಕಟ್ಟು ಬೇಕೇ ಬೇಕು. ಅಂಚಿನ ಗಾಳಿಯನ್ನು ಇದು ಹಿಂಡಿ ನಡುವಿಗೆ ತಳ್ಳುತ್ತದೆ, ಮಿಶ್ರಣ ಕದಡಿ ಬೇಗ ಉರಿಯುತ್ತದೆ, ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಎಂಜಿನ್ ಕುಟ್ಟುವುದು) ತಗ್ಗುತ್ತದೆ. ಕಂಪ್ರೆಶನ್ (ಮಿಶ್ರಣವನ್ನು ಎಷ್ಟು ಪಟ್ಟು ಹಿಂಡುತ್ತದೆ ಎಂಬ ಅನುಪಾತ) ಇಳಿಸಬೇಕೆಂದು ದಪ್ಪ ಗ್ಯಾಸ್ಕೆಟ್ ಹಾಕುವವರಿದ್ದಾರೆ. ಅಂಕಿ ಇಳಿಯುತ್ತದೆ, ನಾಕಿಂಗ್ ಹಾಗೇ ಇರುತ್ತದೆ.

ಕ್ಯಾಲಿಫೋರ್ನಿಯಾದ ಬಂಕುಗಳಲ್ಲಿ ಪ್ರೀಮಿಯಂ ಅಂದರೆ 91 ಆಕ್ಟೇನ್. ಬೇರೆ ಅನೇಕ ರಾಜ್ಯಗಳಲ್ಲಿ 93 ಸಿಗುತ್ತದೆ, ಅಲ್ಲಿನವರ ಲೆಕ್ಕ ಇಲ್ಲಿಗೆ ಹೊಂದುವುದಿಲ್ಲ. ಒಂದು ಸಿಲಿಂಡರಿನ ಗಾತ್ರ 784 ಸಿಸಿ. ಹೆಡ್ಡಿನ ಕೋಣೆ 64 ಸಿಸಿ, ಗ್ಯಾಸ್ಕೆಟ್ಟಿನದು ಸುಮಾರು 9. ವಾಲ್ವಿನ ಗುಂಡಿ ಮಾತ್ರ ಇರುವ ಚಪ್ಪಟೆ ಪಿಸ್ಟನ್ ಹಾಕಿದರೆ ಅದು 5 ಸಿಸಿ, ಕಂಪ್ರೆಶನ್ 11.0. ಬಂಕಿನ ಪೆಟ್ರೋಲಿಗೆ ಇದು ಹೆಚ್ಚಾಯಿತು. 16 ಸಿಸಿ ತಟ್ಟೆಯ ಪಿಸ್ಟನ್ ಹಾಕಿದರೆ 9.8. ಅಲ್ಯೂಮಿನಿಯಂ ಹೆಡ್ ಇದ್ದಾಗ ಬೇಸಿಗೆಯ ಟ್ರಾಫಿಕ್ಕಿನಲ್ಲೂ ಇದು ತಡೆಯುತ್ತದೆ. ಎರಕದ ಕಬ್ಬಿಣದ ಹೆಡ್ಡಾದರೆ ನಾನು ಇನ್ನೂ ಕಾಲು ಅಂಕ ಇಳಿಸುತ್ತಿದ್ದೆ.

3.75ರ ಕ್ರ್ಯಾಂಕ್ ಈ ಬ್ಲಾಕಿನಲ್ಲಿ ಸುಮ್ಮನೆ ಕೂರುವುದಿಲ್ಲ. ರಾಡ್ ಬೋಲ್ಟುಗಳು ಎಣ್ಣೆ ತೊಟ್ಟಿಯ ಅಂಚಿಗೂ ಸಿಲಿಂಡರಿನ ಕೆಳತುದಿಗೂ ತಾಗುತ್ತವೆ. ಬೋರಿಂಗ್, ಹೋನಿಂಗಿಗೆ ಮೊದಲೇ ಹಳೆಯ ಬೇರಿಂಗುಗಳಲ್ಲಿ ಕ್ರ್ಯಾಂಕ್ ಕೂರಿಸಿ, ಒಂದು ರಾಡನ್ನು ಎಂಟೂ ಜಾಗಗಳಲ್ಲಿ ತಿರುಗಿಸಿ ನೋಡಿ, ತಾಗುವಲ್ಲಿ ಗುರುತು ಹಾಕಿ ಗ್ರೈಂಡ್ ಮಾಡಬೇಕು. 60 ಥೌ ಅಂತರ ಸಾಕು. ಆಸೆಗೆ ಬಿದ್ದು ಆಳ ತೆಗೆದರೆ ನೀರಿನ ಕೋಣೆಗೆ ತೂತು ಬೀಳುತ್ತದೆ. ಕ್ಯಾಮ್‌ಗೆ ತಾಗುವ ಅಪಾಯ ಹೆಚ್ಚಿರುವುದು 1, 2, 5, 6ನೇ ಸಿಲಿಂಡರುಗಳಲ್ಲಿ. ಇದನ್ನು ನಿಜವಾಗಿ ಹಾಕಲಿರುವ ಕ್ಯಾಮನ್ನೇ ಕೂರಿಸಿ, ಟೈಮಿಂಗ್ ಚೈನ್ ಕಟ್ಟಿ, ಪೂರ್ತಿ ಎರಡು ಸುತ್ತು ತಿರುಗಿಸಿ ನೋಡಬೇಕು. 50 ಥೌಗಿಂತ ಕಡಿಮೆ ಇರಬಾರದು.

ಮಷೀನ್ ಶಾಪಿಗೆ ಬ್ಲಾಕ್ ಒಂದನ್ನೇ ಕೊಡಬಾರದು. ಪಿಸ್ಟನ್, ರಿಂಗ್, ರಾಡ್, ಕ್ರ್ಯಾಂಕ್, ಡ್ಯಾಂಪರ್ (ಕ್ರ್ಯಾಂಕಿನ ಮುಂತುದಿಯಲ್ಲಿ ನಡುಕ ತಗ್ಗಿಸುವ ಚಕ್ರ), ಟ್ರಾನ್ಸ್‌ಮಿಷನ್ನಿನ ಕಡೆಯ ಫ್ಲೆಕ್ಸ್‌ಪ್ಲೇಟ್ ಎಲ್ಲ ಒಟ್ಟಿಗೆ ಕೊಡಬೇಕು. ಕೊನೆಯ ಹೋನಿಂಗ್ ಪ್ರತಿ ಪಿಸ್ಟನ್ನಿನ ಅಳತೆ ನೋಡಿಕೊಂಡು, ಹೆಡ್ಡಿನ ಬಿಗಿತವನ್ನು ಅನುಕರಿಸುವ ಟಾರ್ಕ್ ಪ್ಲೇಟ್ ಬಿಗಿದು ಆಗಬೇಕು. ಮೇನ್ ಕ್ಯಾಪಿಗೆ ಬೋಲ್ಟ್ ಬದಲು ಸ್ಟಡ್ ಹಾಕಿದರೆ ಕ್ಯಾಪ್ ಎಳೆಯುವ ರೀತಿ ಬದಲಾಗುತ್ತದೆ, ಲೈನ್ ಹೋನ್ (ಮೇನ್ ಬೇರಿಂಗಿನ ರಂಧ್ರಗಳನ್ನು ಒಂದೇ ಸಾಲಿಗೆ ತರುವುದು) ಮಾಡಿಸಲೇಬೇಕು. 383 ಕ್ರ್ಯಾಂಕುಗಳಲ್ಲಿ ಒಳಗೇ ಬ್ಯಾಲೆನ್ಸ್ ಆಗುವವೂ ಇವೆ, 400 ಘನ ಇಂಚು ಎಂಜಿನ್ನಿನ ಡ್ಯಾಂಪರ್ ಮತ್ತು ಫ್ಲೆಕ್ಸ್‌ಪ್ಲೇಟ್ ಬೇಡುವವೂ ಇವೆ. ಎರಡನ್ನೂ ಬೆರೆಸಿದರೆ ನಡುಕ ಎಲ್ಲಿಂದ ಬರುತ್ತಿದೆಯೆಂದು ಹುಡುಕುತ್ತಲೇ ಇರಬೇಕು.

ಅಂತರಗಳು: ಮೇನ್ ಬೇರಿಂಗಿಗೆ 2.5 ಥೌ, ರಾಡಿಗೆ 2.1ರ ಆಸುಪಾಸು, ಮೊದಲ ರಿಂಗಿನ ಬಾಯಿ 18 ಥೌ, ಎರಡನೆಯದು 20. ಎಣ್ಣೆ ಪಂಪು ಸಾಮಾನ್ಯ ಗಾತ್ರದ್ದೇ ಸಾಕು. 1,000 ಆರ್‌ಪಿಎಂಗೆ 10 ಪಿಎಸ್‌ಐ ಲೆಕ್ಕದಲ್ಲಿ ಒತ್ತಡ ಬಂದರೆ ದೊಡ್ಡ ಪಂಪಿನಿಂದ ಹೆಚ್ಚಿನ ಲಾಭವೇನೂ ಇಲ್ಲ.

ಕ್ಯಾಮ್‌ನಲ್ಲಿ ಹೈಡ್ರಾಲಿಕ್ ರೋಲರ್ ಆರಿಸಿಕೊಂಡೆ. ಈಗಿನ ಎಂಜಿನ್ ಆಯಿಲ್‌ಗಳಲ್ಲಿ ಸತು ಕಡಿಮೆ. ಹಳೆಯ ಫ್ಲಾಟ್ ಟ್ಯಾಪೆಟ್ ಕ್ಯಾಮ್ ಮೊದಲ ಇಪ್ಪತ್ತು ನಿಮಿಷದಲ್ಲೇ ಸವೆದು ಲೋಹದ ಪುಡಿಯನ್ನು ಬೇರಿಂಗುಗಳಿಗೆಲ್ಲ ಹಂಚಬಹುದು. ರೋಲರಿಗೆ ಖರ್ಚು ಹೆಚ್ಚು. ಈ ಹಳೆಯ ಬ್ಲಾಕಿಗೆ ಜೋಡಿ ಪಟ್ಟಿಯಿರುವ ಲಿಫ್ಟರುಗಳು ಬೇಕು, ಕ್ಯಾಮ್ ಮುಂದಕ್ಕೆ ಸರಿಯದಂತೆ ಬಟನ್ ಬೇಕು, ಕ್ಯಾಮ್‌ನ ಲೋಹಕ್ಕೆ ಹೊಂದುವ ಡಿಸ್ಟ್ರಿಬ್ಯೂಟರ್ ಗೇರ್ ಬೇಕು. 50 ಥೌ ಎತ್ತರದಲ್ಲಿ ಅಳೆದಾಗ ಇನ್‌ಟೇಕ್ 224, ಎಕ್ಸಾಸ್ಟ್ 230 ಡಿಗ್ರಿ, ಲೋಬ್ ಅಂತರ 112. ಇನ್ನೂ ದೊಡ್ಡ ಕ್ಯಾಮ್ ಹಾಕಿದರೆ ಐಡಲಿನಲ್ಲಿ ಗುಡುಗು ಚೆನ್ನಾಗಿ ಕೇಳಿಸುತ್ತದೆ ನಿಜ, ಆದರೆ ವ್ಯಾಕ್ಯೂಮ್ 12 ಇಂಚಿಗಿಂತ ಇಳಿದರೆ ಬ್ರೇಕ್ ಪೆಡಲ್ ಕಲ್ಲಾಗುತ್ತದೆ. ಇನ್‌ಟೇಕ್ ದಾರಿ 195 ಸಿಸಿ ಇರುವ ಹೆಡ್, 750 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ ಗಾಳಿ) ಕಾರ್ಬ್ಯುರೇಟರ್, 1 5/8 ಇಂಚಿನ ಹೆಡರ್. ವಾಲ್ವಿಗೂ ಪಿಸ್ಟನ್ನಿಗೂ ಇನ್‌ಟೇಕ್ ಬದಿಯಲ್ಲಿ 80, ಎಕ್ಸಾಸ್ಟ್ ಬದಿಯಲ್ಲಿ 100 ಥೌ ಉಳಿದಿದೆಯೇ ಎಂದು ಮಕ್ಕಳ ಬಣ್ಣದ ಜೇಡಿ ಒತ್ತಿ ನೋಡಬಹುದು.

ಈಗ ಎಚ್‌ಪಿ. ಗುರಿ 5,700 ಆರ್‌ಪಿಎಂನಲ್ಲಿ 450. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 5,252ರಿಂದ ಭಾಗಿಸಿದರೆ ಎಚ್‌ಪಿ ಬರುತ್ತದೆ. ಹಾಗಾಗಿ ಆ ವೇಗದಲ್ಲಿ 415 ಪೌಂಡ್-ಅಡಿ ಉಳಿದಿರಬೇಕು. ಈ ಹೆಡ್, ಈ ಕ್ಯಾಮ್ ಜೊತೆ 383ಕ್ಕೆ ಇದು ಅತಿಯಾಸೆಯಲ್ಲ.

ಜೋಡಣೆಗೆ ಮುಂಚೆ ಬ್ಲಾಕ್ ತೊಳೆಯುವುದರಲ್ಲಿ ಉದಾಸೀನ ಬೇಡ. ಪಾತ್ರೆ ತೊಳೆಯುವ ಸೋಪು, ಬಿಸಿನೀರು, ಉದ್ದ ಬ್ರಷ್. ಬಿಳಿ ಬಟ್ಟೆಯಲ್ಲಿ ಒರೆಸಿದರೆ ಬೂದು ಬಣ್ಣ ಹತ್ತಬಾರದು. ಒಣಗಿದ ಕೂಡಲೇ ಎಣ್ಣೆ, ಇಲ್ಲವೆಂದರೆ ನಿಮಿಷಗಳಲ್ಲಿ ತುಕ್ಕು. ಹಿಂದಿನ ಮೇನ್ ಕ್ಯಾಪಿನ ಅಡಿಯಲ್ಲಿ ಒಂದು ಪುಟ್ಟ ಪ್ಲಗ್ ಇದೆ. ಶಾಪಿನವರು ತೆಗೆದದ್ದನ್ನು ಮರಳಿ ಹಾಕದಿದ್ದರೆ ಎಣ್ಣೆ ಫಿಲ್ಟರನ್ನು ತಪ್ಪಿಸಿಕೊಂಡು ಹೋಗುತ್ತದೆ, ಹೊರಗೆ ಏನೂ ಕಾಣಿಸುವುದಿಲ್ಲ. ಹೆಡ್ ಬೋಲ್ಟುಗಳು ನೀರಿನೊಳಕ್ಕೆ ಇಳಿಯುವುದರಿಂದ ಎಳೆಗಳಿಗೆ ಸೀಲಂಟ್ ಹಚ್ಚಬೇಕು.

ಸ್ಟಾರ್ಟ್ ಮಾಡುವ ಮೊದಲು ಡಿಸ್ಟ್ರಿಬ್ಯೂಟರಿನ ಜಾಗದಲ್ಲಿ ಪ್ರೈಮಿಂಗ್ ಟೂಲ್ ಇಳಿಸಿ, ಡ್ರಿಲ್‌ನಿಂದ ಗಡಿಯಾರದ ದಿಕ್ಕಿನಲ್ಲಿ ಪಂಪು ತಿರುಗಿಸಿ, ನಡುನಡುವೆ ಕ್ರ್ಯಾಂಕನ್ನು ಕಾಲು ಸುತ್ತು ಸರಿಸುತ್ತ ಹದಿನಾರೂ ರಾಕರುಗಳಲ್ಲಿ ಎಣ್ಣೆ ಉಕ್ಕುವವರೆಗೆ ಬಿಡಬಾರದು. ಬರೀ ಕಡ್ಡಿ ಸಾಲದು. ಲಿಫ್ಟರ್ ಕಾಲುವೆಯನ್ನು ಮುಚ್ಚುವ ಕವಚ ಇರುವ ಟೂಲೇ ಬೇಕು, ಇಲ್ಲದಿದ್ದರೆ ಒಂದು ಸಾಲಿಗೆ ಎಣ್ಣೆ ಏರುವುದೇ ಇಲ್ಲ. ಕಿಡಿ ಹಾರುವ ಟೈಮಿಂಗ್ ಒಟ್ಟು 34 ಡಿಗ್ರಿಗೆ ನಿಲ್ಲಿಸಿ, ಅದರ ಮೇಲೆ ವ್ಯಾಕ್ಯೂಮ್ ಅಡ್ವಾನ್ಸ್ 10 ಡಿಗ್ರಿ ಕೊಟ್ಟೆ. ರಸ್ತೆ ಕಾರಿಗೆ ವ್ಯಾಕ್ಯೂಮ್ ಅಡ್ವಾನ್ಸ್ ಬೇಡ ಅನ್ನುವ ಸಲಹೆ ಎಲ್ಲೆಡೆ ಕೇಳುತ್ತದೆ. ಅದು ರೇಸ್ ಟ್ರ್ಯಾಕಿನವರ ಮಾತು. ಹೆದ್ದಾರಿಯಲ್ಲಿ ಸಮವೇಗದಲ್ಲಿ ಹೋಗುವಾಗ ತೆಳು ಮಿಶ್ರಣ ನಿಧಾನ ಉರಿಯುತ್ತದೆ, ಆ 10 ಡಿಗ್ರಿ ತೆಗೆದುಬಿಟ್ಟರೆ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಬಿಸಿಯೂ ಏರುತ್ತದೆ.