ಮಳೆಗಾಲದಲ್ಲಿ ನಾಯಿಯ ಪಾದ ಕೆಂಪಾದರೆ

ಮುಂಬಯಿಯ ಮಳೆ ಹಿಡಿದರೆ ನಾಯಿಗಳ ಪಾದಕ್ಕೆ ಕಷ್ಟಕಾಲ. ಹಗಲೂ ರಾತ್ರಿ ಪಾದ ನೆಕ್ಕುತ್ತಿದ್ದರೆ ದಯವಿಟ್ಟು ಅದನ್ನು ಚಟವೆಂದು ಬಿಟ್ಟುಬಿಡಬೇಡಿ. ಬೆಳಕಿನಲ್ಲಿ ಕೂರಿಸಿಕೊಂಡು ಬೆರಳ ಸಂದುಗಳನ್ನು ಅಗಲಿಸಿ ನೋಡಿ. ಚರ್ಮ ಕೆಂಪಾಗಿ, ಜಿಗುಟಾಗಿ, ಕಮಟು ವಾಸನೆ ಬರುತ್ತಿದ್ದರೆ ಸೋಂಕು ತಗಲಿರುವ ಸಾಧ್ಯತೆ ಹೆಚ್ಚು. ಬಿಳಿ ಕೂದಲು ಕಂದಾಗಿದ್ದರೆ ಅದು ಜೊಲ್ಲಿನ ಕಲೆ, ನೆಕ್ಕಾಟ ಹಳೆಯದು. ಒಂದೇ ಪಾದ ನೆಕ್ಕುತ್ತಿದ್ದರೆ ಮೊದಲು ಗಾಜಿನ ಚೂರು, ಮುಳ್ಳು, ಉಣ್ಣಿ ಹುಡುಕಿ. ನಾಲ್ಕನ್ನೂ ನೆಕ್ಕುತ್ತಿದ್ದರೆ ಅಲರ್ಜಿಯೂ ಇರಬಹುದು.

ಹೊರಗಿನಿಂದ ಬಂದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಆದರೆ ತೊಳೆಯುವುದಕ್ಕಿಂತ ಒಣಗಿಸುವುದೇ ಮುಖ್ಯ, ಬಹಳ ಜನ ಎಡವುವುದು ಇಲ್ಲೇ. ಹಳೆಯ ಹತ್ತಿ ಪಂಚೆಯ ಒಣ ತುಂಡನ್ನು ಪ್ರತಿ ಸಂದಿಗೂ ತೂರಿಸಿ, ಉಜ್ಜದೆ, ಒತ್ತಿ ಒತ್ತಿ ತೇವ ತೆಗೆಯಿರಿ. ಅಂಗಾಲಿನ ನಡುವಿನ ಉದ್ದ ಕೂದಲನ್ನು ಕತ್ತರಿಸಿಡಿ. ಫಿನಾಯಿಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವ ತನಕ ನಾಯಿಯನ್ನು ಅದರ ಮೇಲೆ ಬಿಡಬೇಡಿ.

ನಾವು ಬಳಸುವ ಮುಲಾಮನ್ನಾಗಲಿ ಟೀ ಟ್ರೀ ಎಣ್ಣೆಯನ್ನಾಗಲಿ ಹಚ್ಚಲೇಬೇಡಿ. ನಾಯಿ ನೆಕ್ಕಿದರೆ ವಿಷವಾದೀತು.

ಹಿಂದ್‌ಮಾತಾ, ಸಯಾನ್ ಕಡೆ ರಸ್ತೆಯಲ್ಲಿ ನಿಲ್ಲುವ ನೀರಿಗೆ ಗಾಯವಿರುವ ಪಾದ ಇಳಿಯದಿರಲಿ. ಇಲಿಯ ಮೂತ್ರ ಬೆರೆತ ನೀರಿನಿಂದ ಲೆಪ್ಟೊಸ್ಪೈರೋಸಿಸ್ (ಇಲಿಜ್ವರ) ಬರುತ್ತದೆ, ನಾಯಿಯಿಂದ ನಮಗೂ ಹರಡಬಲ್ಲದು. ಅದರ ಲಸಿಕೆ ಹಾಕಿಸಿದ್ದೀರಾ ಎಂದು ಕಾರ್ಡು ತೆಗೆದು ನೋಡಿ.

ಕುಂಟುತ್ತಿದ್ದರೆ, ಊದಿಕೊಂಡಿದ್ದರೆ, ಕೀವು ಅಥವಾ ರಕ್ತ ಕಂಡರೆ ಮನೆಮದ್ದಿಗೆ ಕೂರಬೇಡಿ. ಹತ್ತಿರದ ಪಶುವೈದ್ಯರಿಗೆ ತೋರಿಸಿ; ಪರೇಲ್‌ನಲ್ಲಿ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯೂ ಇದೆ.