ಸ್ಪಷ್ಟವಾಗಿ ‘ಕ್ಯಾನ್’ ಅಂದರೆ ಆಗಲ್ಲ ಅಂತ

2004ರಲ್ಲಿ ಬೆಂಗಳೂರಿನಲ್ಲಿ ಮೆಡಿಕಲ್ ಟ್ರಾನ್ಸ್‌ಕ್ರಿಪ್ಶನ್ ಕೆಲಸಕ್ಕೆ ಸೇರಿದೆ. ಅಮೆರಿಕದ ಡಾಕ್ಟರು ರೋಗಿಯನ್ನು ನೋಡಿ ಫೋನಿಗೆ ಹೇಳಿದ್ದನ್ನು ನಾವಿಲ್ಲಿ ಹೆಡ್‌ಫೋನಲ್ಲಿ ಕೇಳಿ ಟೈಪ್ ಮಾಡಬೇಕು. ಪಾದದ ಕೆಳಗೊಂದು ಪೆಡಲ್. ಒತ್ತಿದರೆ ದನಿ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ. ಕಾಯಿಲೆಗಳ ಉದ್ದುದ್ದ ಹೆಸರಿಗೆ ಹೆದರಿದ್ದೆ. ಅವೆಲ್ಲ ನಿಘಂಟಿನಲ್ಲಿ ಸಿಗುತ್ತಿದ್ದವು. ಕಾಡಿದ್ದು ಹೈಸ್ಕೂಲಿನಲ್ಲೇ ಕಲಿತಿದ್ದ ಪುಟ್ಟ ಪುಟ್ಟ ಮಾತು.

ಮೊದಲ ತಿಂಗಳೇ ಒಂದು ರಿಪೋರ್ಟು ಕೆಂಪು ಗುರುತು ಹೊತ್ತು ವಾಪಸ್ ಬಂತು. ರೋಗಿ ಮೆಟ್ಟಿಲು ಹತ್ತಬಲ್ಲ ಅಂತ ಟೈಪಿಸಿದ್ದೆ. ಡಾಕ್ಟರು ಹೇಳಿದ್ದು ಹತ್ತಲಾರ ಅಂತ. ಹತ್ತು ಸಲ ಕೇಳಿದರೂ ನನ್ನ ಕಿವಿಗೆ ‘ಹಿ ಕ್ಯಾನ್ ಕ್ಲೈಂಬ್’ ಅಂತಲೇ ಬಿತ್ತು. ‘ಕ್ಯಾಂಟ್’ನ ಕೊನೆಯ ‘ಟ್’ ಎಲ್ಲೂ ಇರಲಿಲ್ಲ. ರಿಪೋರ್ಟು ತಿದ್ದುತ್ತಿದ್ದ ಮೇಡಂ ಪಕ್ಕದಲ್ಲಿ ಬಂದು ಕೂತು, “ಟೀ ಬರುತ್ತೆ ಅಂತ ಕಾಯ್ಬೇಡಿ, ಬರಲ್ಲ. ಸ್ವರ ಕೇಳಿ” ಅಂದರು.

ಅಮೆರಿಕದವರು ‘ಆಗುತ್ತೆ’ ಅನ್ನುವಾಗ ‘ಕ್ಯಾನ್’ ಅನ್ನುವುದೇ ಅಪರೂಪ. ಒತ್ತೆಲ್ಲ ಮುಂದಿನ ಕ್ರಿಯಾಪದಕ್ಕೆ ಹೋಗಿ ಇದು ಸೊರಗಿ ‘ಕ್ನ್’ ಆಗುತ್ತೆ: ‘ಹಿ ಕ್ನ್ ಕ್ಲೈಂಬ್’. ‘ಆಗಲ್ಲ’ ಅನ್ನುವಾಗ ‘ಟ್’ ಗಂಟಲಲ್ಲೇ ಸಿಕ್ಕಿಕೊಂಡರೂ ಸ್ವರ ಮಾತ್ರ ಪೂರ್ತಿ ಅರಳುತ್ತೆ. ಅಂದರೆ ನಮ್ಮ ಮೇಷ್ಟ್ರು ಹೇಳಿಕೊಟ್ಟ ಹಾಗೆ ಚೊಕ್ಕವಾಗಿ ‘ಕ್ಯಾನ್’ ಅಂತ ಕೇಳಿಸಿತೋ, ಅದು ಬಹುಮಟ್ಟಿಗೆ ನಿಷೇಧ! ವಾಕ್ಯದ ಕೊನೆಯಲ್ಲಿ ಬಂದರೆ ಈ ಲೆಕ್ಕ ನಡೆಯಲ್ಲ, ಅಲ್ಲಿ ಎರಡೂ ಅರಳುತ್ತವೆ. ಒಂದು ವಾರ ಹಳೆಯ ಡಿಕ್ಟೇಶನ್ ಹಾಕಿಕೊಂಡು, ಈ ಪದ ಬಂದಲ್ಲೆಲ್ಲ ಪೆಡಲ್ ಬಿಟ್ಟು, ನನಗನಿಸಿದ್ದನ್ನು ಬರೆದಿಟ್ಟು, ತಿದ್ದಿದ ರಿಪೋರ್ಟಿನ ಜೊತೆ ತಾಳೆ ನೋಡಿದೆ. ಆಮೇಲೂ ಅನುಮಾನ ಬಂದರೆ ಜಾಗ ಖಾಲಿ ಬಿಡುತ್ತಿದ್ದೆ.

ಆಮೇಲೆ ಎದುರಾದದ್ದು ‘ಹೀಡ್’. ಮೊಟಕು ರೂಪಗಳನ್ನೆಲ್ಲ ಬಿಡಿಸಿ ಬರೆಯಬೇಕು ಅನ್ನುವುದು ನಮ್ಮಲ್ಲಿ ನಿಯಮ. ಈ ‘ಡ್’ ಹ್ಯಾಡ್ ಇರಬಹುದು, ವುಡ್ಡೂ ಇರಬಹುದು. ಮುಂದೆ ‘ಗಾನ್’ ಬಂದರೆ ಹ್ಯಾಡ್, ‘ಗೋ’ ಬಂದರೆ ವುಡ್. ‘ಕಮ್’ ಬಂದರೆ? ‘ಹೀಡ್ ಕಮ್ ಇನ್’ ಅಂದರೆ ಆಗಲೇ ಬಂದಿದ್ದನೋ, ಆಗಾಗ ಬರುತ್ತಿದ್ದನೋ? ಮುಂದಿನೆರಡು ವಾಕ್ಯ ಕೇಳುವ ತನಕ ಬೆರಳಾಡಿಸುವಂತಿಲ್ಲ.

ಬಿಡಿಸುವ ಹುಮ್ಮಸ್ಸು ಒಮ್ಮೆ ಅತಿಯಾಯಿತು. ಸ್ತನದಲ್ಲಿ ಗಂಟು ಎಲ್ಲಿದೆ ಅನ್ನುವುದನ್ನು ಡಾಕ್ಟರು ಗಡಿಯಾರದ ಮುಖಕ್ಕೆ ಹೋಲಿಸಿ ‘ಟೂ ಓ’ಕ್ಲಾಕ್’ ಅನ್ನುತ್ತಾರೆ. ಅದನ್ನೂ ಬಿಡಿಸಬೇಕಾ ಅಂತ ಕೇಳಿ ನಗೆಪಾಟಲಾದೆ. ಆ ‘ಓ’ ಹಿಂದೆ ‘ಆಫ್ ದ’ ಆಗಿತ್ತು, ಗಡಿಯಾರದ ಲೆಕ್ಕದಲ್ಲಿ ಅಂತ. ಈಗ ಬಿಡಿಸಿ ಹೇಳಿದರೆ ಇಂಗ್ಲಿಷಿನವರೇ ಕಣ್ಣರಳಿಸುತ್ತಾರೆ. ‘ವೋಂಟ್’ ಇನ್ನೂ ಮಜಾ. ವಿಲ್, ನಾಟ್ ಕೂಡಿದರೆ ‘ವೋ’ ಎಲ್ಲಿಂದ ಬಂತು? ಹಿಂದೆ ‘ವಿಲ್’ಗೆ ‘ವೊಲ್’ ಅನ್ನುವ ರೂಪವೂ ಇತ್ತಂತೆ. ಅದು ಸತ್ತರೂ ನಿಷೇಧದೊಳಗೆ ಉಸಿರಾಡುತ್ತಿದೆ. ಥೇಟ್ ನಮ್ಮ ಇನ್ನೂರು! ಎರಡುನೂರು ಅನ್ನಲ್ಲವಲ್ಲ ನಾವು. ಇರ್ ಅನ್ನುವ ಹಳೆಯ ‘ಎರಡು’ ಅದರಲ್ಲಿ ಕೂತಿದೆ, ಇಮ್ಮಡಿ ಪುಲಿಕೇಶಿಯಲ್ಲೂ ಅದೇ. ‘ಗಿವ್ ಎಮ್’ನ ‘ಎಮ್’ ಕೂಡ ‘ದೆಮ್’ನ ತುಂಡಲ್ಲ, ‘ಹೆಮ್’ ಅನ್ನುವ ಹಳೆಯ ಇಂಗ್ಲಿಷ್ ಸರ್ವನಾಮದ ಕುಡಿ. ‘ದೆಮ್’ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದು ಸೇರಿದ್ದು.

ಊರಿನ ಹೆಸರಲ್ಲೂ ಮುಗ್ಗರಿಸಿದೆ. ರೋಗಿ ‘ವುಸ್ಟರ್’ನವನು ಅಂದರು ಡಾಕ್ಟರು. ಕೇಳಿಸಿದಂತೆಯೇ ಹುಡುಕಿ ಒಹಾಯೋದ ವೂಸ್ಟರ್ ಹಾಕಿದೆ. ಡಾಕ್ಟರ ಆಸ್ಪತ್ರೆ ಇದ್ದದ್ದು ಮ್ಯಾಸಚೂಸೆಟ್ಸ್‌ನಲ್ಲಿ. ಅಲ್ಲಿನ ವುಸ್ಟರಿನ ಸ್ಪೆಲಿಂಗ್ ನೋಡಿ ಓದಿದರೆ ‘ವೋರ್ಸೆಸ್ಟರ್’! ಆ ರಾಜ್ಯದ ಗ್ಲಾಸ್ಟರ್, ಲೆಮಿನ್‌ಸ್ಟರ್‌ಗಳದ್ದೂ ಇದೇ ಕಥೆ.

ಕೊನೆಗೆ ಕೇಳಿಸಿದ್ದನ್ನು ಕನ್ನಡ ಅಕ್ಷರದಲ್ಲಿ ಬರೆಯಲು ಶುರುಮಾಡಿದೆ. ಇಂಗ್ಲಿಷಿನಲ್ಲಿ ಬರೆದರೆ ಸ್ಪೆಲಿಂಗ್ ಕಿವಿಯನ್ನು ಎಳೆದುಕೊಂಡು ಹೋಗುತ್ತಿತ್ತು. ಮಾನಿಟರಿಗೆ ಅಂಟಿಸಿದ್ದ ಚೀಟಿಯಲ್ಲಿ ಎಡಕ್ಕೆ ‘ಕ್ನ್’, ‘ಯೂಸ್ಟ’ (ಯೂಸ್ಡ್ ಟು), ‘ವುಸ್ಟರ್’, ಬಲಕ್ಕೆ ಟೈಪಿಸಬೇಕಾದ್ದು. ಕೆಲಸ ಬಿಟ್ಟ ದಿನ ಪಕ್ಕದ ಸೀಟಿನ ಹುಡುಗಿ ಅದನ್ನು ಕೇಳಿ ಇಸಕೊಂಡಳು.