ಒಂದು ಕೋಲು ನೆಡಿ, ಸೂರ್ಯನ ಲೆಕ್ಕ ಹಿಡಿಯಿರಿ

‘ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ, ಮಧ್ಯಾಹ್ನ 12ಕ್ಕೆ ನೆತ್ತಿ ಮೇಲೆ ಬರುತ್ತಾನೆ.’ ಮೂರನೇ ಕ್ಲಾಸಿನ ಮಗುವೂ ಇದನ್ನು ಬಾಯಿಪಾಠ ಒಪ್ಪಿಸುತ್ತದೆ. ಆದರೆ ಸೂರ್ಯ ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳ 21–22ರ ಆಸುಪಾಸಿನಲ್ಲಿ ಮಾತ್ರ. ಇನ್ನು 12 ಗಂಟೆಯ ಮಾತು ಬೆಂಗಳೂರಿನ ಮಟ್ಟಿಗೆ ವರ್ಷದಲ್ಲಿ ಒಂದು ದಿನವೂ ನಿಜವಲ್ಲ. ನಂಬಿಕೆ ಬರುತ್ತಿಲ್ವಾ? ರಜೆ ದಿನ ಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗಿ.

ಬೇಕಾಗುವುದು ಇಷ್ಟೇ: ಅರ್ಧ ಮೀಟರ್ ಉದ್ದದ ನೆಟ್ಟಗಿನ ಕೋಲು, ಮಣ್ಣು ತುಂಬಿದ ಒಂದು ಕುಂಡ ಅಥವಾ ಡಬ್ಬಿ, ದಾರ, ಸೀಮೆಸುಣ್ಣ, ಗಡಿಯಾರ. ಅಂಗಳವಾದರೆ ಕುಂಡವೂ ಬೇಡ, ನೆಲಕ್ಕೇ ನೆಡಬಹುದು. ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಬಿಸಿಲು ಬೀಳುವ, ಮಟ್ಟಸವಾದ ಜಾಗ ಇರಲಿ. ನೀರಿನ ಟ್ಯಾಂಕ್ ಪಕ್ಕದಲ್ಲಿ ಬೇಡ. ಮುಖ್ಯವಾದ ಸಮಯಕ್ಕೇ ಅದರ ನೆರಳು ಬಂದು ಆಟ ಕೆಡಿಸುತ್ತದೆ.

ಮೊದಲು: ಕೋಲು ನೆಟ್ಟಗೆ ನಿಲ್ಲಬೇಕು. ದಾರದ ತುದಿಗೆ ಕಲ್ಲೋ ನಟ್ಟೋ ಕಟ್ಟಿ ಇಳಿಬಿಡಿ. ಎರಡು ಕಡೆಯಿಂದ ನೋಡಿದಾಗಲೂ ಕೋಲು ಮತ್ತು ದಾರ ಒಂದೇ ಸಮ ಕಾಣಬೇಕು. ಇಲ್ಲಿ ಅವಸರ ಮಾಡಿದರೆ ಮುಂದಿನದೆಲ್ಲ ವಾಲಿಕೊಳ್ಳುತ್ತದೆ.

ಆಮೇಲೆ: ಸುಮಾರು 10 ಗಂಟೆಗೆ ನೆರಳಿನ ತುದಿಗೆ ಒಂದು ಚುಕ್ಕೆ ಇಡಿ. ಕೋಲಿನ ಬುಡದಿಂದ ಆ ಚುಕ್ಕೆಯವರೆಗೆ ದಾರ ಹಿಡಿದು, ಅದೇ ಅಳತೆಯಲ್ಲಿ ಸುತ್ತಲೂ ವೃತ್ತ ಎಳೆಯಿರಿ. ಇನ್ನು ಅರ್ಧ ಗಂಟೆಗೊಮ್ಮೆ ಬಂದು ನೆರಳಿನ ತುದಿಗೆ ಗುರುತು ಹಾಕಿ, ಪಕ್ಕದಲ್ಲಿ ಸಮಯ ಬರೆಯಿರಿ. ನೆರಳು ಗಿಡ್ಡವಾಗುತ್ತಾ ವೃತ್ತದ ಒಳಗೆ ಸರಿಯುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ಮತ್ತೆ ಉದ್ದವಾಗತೊಡಗಿರುತ್ತದೆ. ಬೆಂಗಳೂರಿನಲ್ಲಾದರೆ ಹೆಚ್ಚುಕಡಿಮೆ 2.40ಕ್ಕೆ ಅದು ಮತ್ತೆ ವೃತ್ತವನ್ನು ಮುಟ್ಟುತ್ತದೆ. ಅಲ್ಲೊಂದು ಚುಕ್ಕೆ.

ವೃತ್ತದ ಮೇಲಿನ ಎರಡು ಚುಕ್ಕೆಗಳನ್ನು ಸೇರಿಸಿ ಗೆರೆ ಎಳೆಯಿರಿ. ಅದೇ ಪೂರ್ವ–ಪಶ್ಚಿಮ. ಬೆಳಗಿನ ಚುಕ್ಕೆ ಇರುವ ಕಡೆ ಪಶ್ಚಿಮ. ಈ ಗೆರೆಯ ನಡುಮಧ್ಯಕ್ಕೆ ಕೋಲಿನ ಬುಡದಿಂದ ಇನ್ನೊಂದು ಗೆರೆ ಎಳೆದರೆ ಉತ್ತರ–ದಕ್ಷಿಣ ಸಿಕ್ಕಿತು. ಹಿಂದಿನವರು ಶಂಕು (ನೆರಳು ಅಳೆಯುವ ಕೋಲು) ನೆಟ್ಟು ದಿಕ್ಕು ಹಿಡಿಯುತ್ತಿದ್ದದ್ದು ಹೀಗೆಯೇ. ಮೊಬೈಲ್ ದಿಕ್ಸೂಚಿ ಅಕ್ಕಪಕ್ಕ ಕಬ್ಬಿಣ ಇದ್ದರೆ ತಪ್ಪು ಹೇಳೀತು, ಕೋಲಿಗೆ ಆ ತೊಂದರೆ ಇಲ್ಲ.

‘ಅತಿ ಗಿಡ್ಡ ನೆರಳನ್ನು ಹುಡುಕಿದರೆ ಸಾಲದಾ, ವೃತ್ತ ಯಾಕೆ?’ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಒಳ್ಳೇ ಪ್ರಶ್ನೆ. ಮಧ್ಯಾಹ್ನದ ಹೊತ್ತಿಗೆ ನೆರಳಿನ ಉದ್ದ ಬದಲಾಗುವುದು ತೀರಾ ನಿಧಾನ. ಹತ್ತು ನಿಮಿಷ ಆಚೀಚೆಯಾದರೂ ಕಣ್ಣಿಗೆ ಗೊತ್ತಾಗುವುದಿಲ್ಲ. ಬೆಳಿಗ್ಗೆ, ಸಂಜೆ ಹಾಗಲ್ಲ, ತುದಿ ಸರಸರ ಓಡುತ್ತದೆ. ಗುರುತು ನಿಖರವಾಗಿ ಸಿಗುತ್ತದೆ.

ಈಗ ಸಮಯ ನೋಡಿ. 10 ಗಂಟೆಗೂ 2.40ಕ್ಕೂ ನಡುವಿನ ಹೊತ್ತು 12.20. ಅದು ನಿಮ್ಮ ತಾರಸಿಯ ನಿಜವಾದ ಮಧ್ಯಾಹ್ನ. ಕಾರಣ ಇಷ್ಟು: ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲಿ. ಬೆಂಗಳೂರು ಇರುವುದು 77.6ರ ಹತ್ತಿರ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಹಾಗಾಗಿ ಸೂರ್ಯ ನಮ್ಮಲ್ಲಿಗೆ ಬರುವುದು ಸರಾಸರಿ 20 ನಿಮಿಷ ತಡ. ಮಂಗಳೂರಿನವರು ಇನ್ನೂ ಹತ್ತು–ಹನ್ನೊಂದು ನಿಮಿಷ ಕಾಯಬೇಕು. ವರ್ಷವಿಡೀ ಇದು ಒಂದೇ ತರ ಇರುವುದೂ ಇಲ್ಲ. ಬೆಂಗಳೂರಿನಲ್ಲಿ ನವೆಂಬರ್ ಮೊದಲ ವಾರ 12.04ರ ಸುಮಾರಿಗೆ ಮಧ್ಯಾಹ್ನವಾದರೆ, ಫೆಬ್ರುವರಿ ನಡುವೆ 12.34 ಆಗುತ್ತದೆ.

ಒಂದು ಎಚ್ಚರಿಕೆ. ನೋಡಬೇಕಾದ್ದು ನೆರಳನ್ನು, ಸೂರ್ಯನನ್ನಲ್ಲ. ಕೂಲಿಂಗ್ ಗ್ಲಾಸ್, ಹಳೇ ಎಕ್ಸ್‌ರೇ ಫಿಲ್ಮ್ ಯಾವುದೂ ಕಣ್ಣನ್ನು ಕಾಯುವುದಿಲ್ಲ.

ಕಾಯುವ ಹೊತ್ತಿಗೆ ಗಿಡದ ಕೆಲಸ: ಅರ್ಧ ಗಂಟೆಗೊಮ್ಮೆ ಗುರುತು ಹಾಕುವ ನಡುವೆ ಮಕ್ಕಳು ಸುಮ್ನೆ ಕೂರುವುದಿಲ್ಲ ಅಲ್ವಾ? ನೆನೆಸಿಟ್ಟ ಹೆಸರುಕಾಳನ್ನು ಒಂದು ತಟ್ಟೆಯ ಮಣ್ಣಿನಲ್ಲಿ ಹಾಕಿಸಿ, ಒಂದೇ ಕಡೆಯಿಂದ ಬೆಳಕು ಬರುವ ಕಿಟಕಿ ಹತ್ತಿರ ಇಡಿ. ಕೆಲವೇ ದಿನಗಳಲ್ಲಿ ಸಸಿಗಳೆಲ್ಲ ಕಿಟಕಿ ಕಡೆ ಬಾಗಿರುತ್ತವೆ. ಆಗ ತಟ್ಟೆಯನ್ನು ಹಿಂದುಮುಂದು ತಿರುಗಿಸಿ. ಮಾರನೇ ದಿನ ನೋಡಿದರೆ ಮತ್ತೆ ಕಿಟಕಿಯತ್ತಲೇ ಮುಖ.

ಬೆಳಕು ಗಿಡವನ್ನು ಎಳೆಯುತ್ತದೆ ಎಂದು ತೋರುತ್ತದೆ. ನಿಜವಾದ ಕೆಲಸ ನಡೆಯುವುದು ನೆರಳಿನ ಬದಿಯಲ್ಲಿ. ಆಕ್ಸಿನ್ ಎಂಬ ಬೆಳವಣಿಗೆ ರಸ ಅಲ್ಲಿ ಜಾಸ್ತಿ ಸೇರುತ್ತದೆ, ಆ ಬದಿಯ ಕೋಶಗಳು ಹೆಚ್ಚು ಉದ್ದವಾಗುತ್ತವೆ, ಕಾಂಡ ಬೆಳಕಿನ ಕಡೆ ಬಾಗುತ್ತದೆ. ಸೂರ್ಯಕಾಂತಿ ಗಿಡ ಎಳೆಯದಾಗಿದ್ದಾಗ ಸೂರ್ಯನ ಜೊತೆ ತಿರುಗುವುದರಲ್ಲೂ ಇದೇ ಬೆಳವಣಿಗೆಯ ಆಟವಿದೆ. ಹೂವು ಬಲಿತ ಮೇಲೆ ತಿರುಗಾಟ ನಿಲ್ಲಿಸಿ ಪೂರ್ವಕ್ಕೆ ಮುಖ ಮಾಡಿ ನಿಂತುಬಿಡುತ್ತದೆ. ಹೊಲದ ಹತ್ತಿರ ಇರುವವರು ಸಂಜೆ ಹೊತ್ತು ಹೋಗಿ ನೋಡಬಹುದು.

ರಾತ್ರಿ: ತಾರಸಿಯ ಗೆರೆ ಅಳಿಸಬೇಡಿ. ಉತ್ತರದ ಗೆರೆ ಹಿಡಿದು ನಿಂತು, ಕೈ ಪೂರ್ತಿ ಚಾಚಿ ಮುಷ್ಟಿ ಕಟ್ಟಿ. ಮುಷ್ಟಿಯ ಅಗಲ ಆಕಾಶದಲ್ಲಿ ಸುಮಾರು 10 ಡಿಗ್ರಿ. ದಿಗಂತದಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಬೆಂಗಳೂರಿನ ಧ್ರುವ ನಕ್ಷತ್ರ ಇರುತ್ತದೆ. ಹುಬ್ಬಳ್ಳಿಯಲ್ಲಿ ಒಂದೂವರೆ ಮುಷ್ಟಿ, ಬೀದರ್‌ನಲ್ಲಿ ಎರಡಕ್ಕೆ ಕೊಂಚ ಕಡಿಮೆ. ಊರಿನ ಅಕ್ಷಾಂಶ ಎಷ್ಟೋ, ಧ್ರುವದ ಎತ್ತರ ಹೆಚ್ಚುಕಡಿಮೆ ಅಷ್ಟೇ. ಅದು ಬಹಳ ಹೊಳೆಯುತ್ತದೆ ಎಂದುಕೊಂಡಿದ್ದರೆ ನಿರಾಸೆಯಾದೀತು, ಸಾಧಾರಣ ಚುಕ್ಕೆ. ಏಪ್ರಿಲ್–ಮೇ ತಿಂಗಳ ರಾತ್ರಿಗಳಲ್ಲಿ ಸಪ್ತರ್ಷಿ ಮಂಡಲದ ಚೌಕದಲ್ಲಿ ಬಾಲದಿಂದ ದೂರ ಇರುವ ಎರಡು ನಕ್ಷತ್ರಗಳಾದ ಪುಲಹದಿಂದ ಕ್ರತುವಿಗೆ ಗೆರೆ ಎಳೆದು ಮುಂದುವರಿಸಿದರೆ ಅಲ್ಲಿಗೇ ತಲುಪುತ್ತೀರಿ. ನಗರದಲ್ಲಿ ಕಟ್ಟಡ, ಧೂಳು, ದೀಪ ಅಡ್ಡ ಬರುತ್ತವೆ. ಊರಾಚೆ ಹೋದರೆ ವಾಸಿ.

ಹಗಲು ನೆರಳು ಕೊಟ್ಟ ಸೂರ್ಯನೂ ನಕ್ಷತ್ರವೇ ಎಂದು ಇಲ್ಲಿ ಹೇಳಿ. ಹತ್ತಿರ ಇದ್ದಾನೆ, ಅಷ್ಟೇ ವ್ಯತ್ಯಾಸ. ಅವನ ಬೆಳಕು ನಮಗೆ 8 ನಿಮಿಷ ಚಿಲ್ಲರೆಯಲ್ಲಿ ಮುಟ್ಟುತ್ತದೆ. ಅವನ ನಂತರದ ಅತಿ ಹತ್ತಿರದ ನಕ್ಷತ್ರದ್ದು 4 ವರ್ಷಕ್ಕೂ ಹೆಚ್ಚು, ಧ್ರುವದ್ದು ನೂರಾರು ವರ್ಷ.

ತಿಂಗಳಿಗೊಂದು ಗುರುತು: ಈ ಕೋಲನ್ನು ವರ್ಷವಿಡೀ ಬಿಟ್ಟರೆ ಋತುಗಳ ಗುಟ್ಟೂ ಸಿಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರ ಮಧ್ಯಾಹ್ನ ಅರ್ಧ ಮೀಟರ್ ಕೋಲಿನ ನೆರಳು ಸುಮಾರು 37 ಸೆಂ.ಮೀ., ಉತ್ತರಕ್ಕೆ. ಜೂನ್ 21ಕ್ಕೆ ಬರೀ 9 ಸೆಂ.ಮೀ., ಅದೂ ದಕ್ಷಿಣಕ್ಕೆ! ಚಳಿಗಾಲದಲ್ಲಿ ಸೂರ್ಯ ದೂರ ಹೋಗುತ್ತಾನೆ ಎನ್ನುವವರಿಗೆ ಇನ್ನೊಂದು ಮಾತು: ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಜನವರಿ ಮೊದಲ ವಾರದಲ್ಲಿ.

ಉತ್ತರದ ನೆರಳು ದಕ್ಷಿಣಕ್ಕೆ ದಾಟುವಾಗ ಒಂದು ದಿನ ಇಲ್ಲದಂತೆಯೇ ಆಗಬೇಕು. ಅದೇ ಶೂನ್ಯ ನೆರಳಿನ ದಿನ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಆಸುಪಾಸು, 12.18ರ ಹೊತ್ತಿಗೆ. ಮತ್ತೆ ಆಗಸ್ಟ್ 18ರ ಸುಮಾರಿಗೆ. ಆಗಸ್ಟ್‌ನಲ್ಲಿ ಮೋಡ ಜಾಸ್ತಿ, ಏಪ್ರಿಲ್‌ನದ್ದನ್ನು ತಪ್ಪಿಸಿಕೊಳ್ಳಬೇಡಿ. ಬೇಸಿಗೆ ರಜೆಗೆ ಮಕ್ಕಳು ಹುಬ್ಬಳ್ಳಿಯ ಅಜ್ಜಿ ಮನೆಯಲ್ಲಿದ್ದರೆ ಮೇ ಮೊದಲ ವಾರದವರೆಗೆ, ಕಲಬುರಗಿಯಲ್ಲಿದ್ದರೆ ಎರಡನೇ ವಾರದವರೆಗೆ ಕಾಯಬೇಕು. ಆ ದಿನ ಕೋಲಿನ ಜೊತೆ ಒಂದು ಸ್ಟೀಲ್ ಲೋಟವನ್ನೂ ಬೋರಲು ಹಾಕಿಡಲು ಹೇಳಿ.